ಆ ನೋಟ್‌ಬುಕ್ಕನ್ನು ರದ್ದಿಗೆ ಹಾಕಬೇಡ

ಅಪ್ರೆಂಟಿಸ್ ಪಾಠ ಮುಗೀತು, ಪರೀಕ್ಷೇನೂ ಆಯ್ತು, ಸೋಮವಾರದಿಂದ ಮತ್ತೆ ಬಿಡದಿಯ ಕಾರ್ಖಾನೆಗೆ ಅಂತ ನೀನು ಖುಷಿಯಾಗಿದ್ದೀಯ. ಬೆಂಚಿನ ಮೇಲೆ ಕೂತೂ ಕೂತೂ ಸಾಕಾಗಿದೆ, ಗೊತ್ತು. ಕೈ ಚುರುಕಿರೋ ಹುಡುಗರಿಗೆ ವರ್ಕ್‌ಶಾಪ್ ಲೆಕ್ಕ, ಡ್ರಾಯಿಂಗು ಎಲ್ಲ ಕಾಟವೇ. ಆದರೂ ಹೇಳ್ತೀನಿ ಕೇಳು ಮಗಾ, ಆ ನೋಟ್‌ಬುಕ್ಕನ್ನ ಲೇತಿನ ಹತ್ತಿರಕ್ಕೇ ತಗೊಂಡು ಹೋಗು.

25 ಮಿಲಿಮೀಟರ್ ಉಕ್ಕಿನ ಸರಳು, ಕಟಿಂಗ್ ಸ್ಪೀಡ್ ನಿಮಿಷಕ್ಕೆ 30 ಮೀಟರ್ ಅಂದುಕೋ. 30ನ್ನ ಸಾವಿರದಿಂದ ಗುಣಿಸಿ, 3.14 ಇಂಟು 25ರಿಂದ ಭಾಗಿಸಿದರೆ ನಿಮಿಷಕ್ಕೆ ಹೆಚ್ಚುಕಮ್ಮಿ 380 ಸುತ್ತು. ಸರಳು 50ರದ್ದಾದರೆ ಅದರರ್ಧ. ಹಳಬರು ಈ ಲೆಕ್ಕ ಹಾಕಲ್ಲ, ಸದ್ದು ಕೇಳಿ, ಚಿಪ್ಸ್ ಬಣ್ಣ ನೋಡಿ ಗೇರ್ ಬದಲಾಯಿಸ್ತಾರೆ. ಆ ಕಿವಿ ಪಳಗೋಕೆ ಅವರಿಗೆ ಇಪ್ಪತ್ತು ವರ್ಷ ಹಿಡಿದಿರುತ್ತೆ. ನೀನು ಮೊದಲು ಲೆಕ್ಕ ಹಾಕು, ಆಮೇಲೆ ಅವರು ಇಟ್ಟಿರೋ ಸ್ಪೀಡ್ ನೋಡು. ಎರಡೂ ತಾಳೆಯಾಗದಿದ್ದರೆ ಯಾಕಣ್ಣ ಅಂತ ಕೇಳು. ಟೂಲ್ ಕಾರ್ಬೈಡಾ, ಸರಳು ಎಷ್ಟು ಗಟ್ಟಿ, ಮಿಷಿನ್ ಎಷ್ಟು ಹಳೇದು ಅನ್ನೋದೆಲ್ಲ ಆಗ ಬಾಯಿಬಿಡ್ತಾರೆ. ಸುಮ್ಮನೆ ನಿಂತವನಿಗೆ ಯಾರೂ ಹೇಳಲ್ಲ.

ಒಂದು ಭಾನುವಾರ ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಮಾಡೋರ ಹತ್ತಿರ ನಿಂತು ನೋಡು. ತಿರುಗ್ತಿರೋ ಹಾಲೆ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜೋ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತೆ, ಮೇಲೆ ತಾಳೆ ಗರಿ ಹಿಡಿದರೆ ಹೊಳಪು. ಅಲ್ಲಿ ಆ ಬಿಸಿ ಬೇಕೇ ಬೇಕು, ನಿನ್ನ ಟೂಲಿನ ಮೊನೆಗೆ ಅದೇ ಮಾರಿ, ಅದಕ್ಕೇ ಕೂಲಂಟ್ ಬಿಡೋದು. ಪುಸ್ತಕದ ಘರ್ಷಣೆ ಪಾಠ ಅಲ್ಲಿ ಕಣ್ಣಿಗೇ ಕಾಣುತ್ತೆ.

ಬಿಡದಿಯಲ್ಲೇ ಟೊಯೊಟಾದವರು 2007ರಲ್ಲಿ ಶುರುಮಾಡಿದ ತರಬೇತಿ ಸಂಸ್ಥೇಲಿ ಹಳ್ಳಿ ಮಕ್ಕಳಿಗೆ ಮೂರು ವರ್ಷ ಪಾಠ, ಕೈಕೆಲಸ ಎರಡೂ ಕಲಿಸ್ತಾರೆ. ಕಾರು ಕಟ್ಟೋರಿಗೇ ಪಾಠ ದಂಡ ಅನ್ನಿಸಿಲ್ಲ.

ಇನ್ನು ಗೇಟಿನಾಚೆ ಟೀ ಅಂಗಡೀಲಿ ಯಾರಾದರೊಬ್ಬ ಲೇಬರ್ ಕಾಂಟ್ರಾಕ್ಟರ್ ಸಿಗ್ತಾನೆ. ‘ಸ್ಟೈಪೆಂಡ್ ಎಷ್ಟಪ್ಪಾ? ಅದಕ್ಕಿಂತ ಜಾಸ್ತಿ ಕೊಡ್ತೀನಿ, ನಾಳೆಯಿಂದಲೇ ಬಾ’ ಅಂತಾನೆ. ರಾಮನಗರದ ಮಾರ್ಕೆಟ್ಟಲ್ಲಿ ರೇಷ್ಮೆ ಗೂಡಿನ ರೇಟು ಬಿದ್ದ ವಾರ ಆ ಮಾತು ಬಲು ಸಿಹಿ. ಮನೆ ಕಷ್ಟ ನೋಡಿ ಹೋದ ಹುಡುಗರನ್ನ ನಾನು ಬಯ್ಯಲ್ಲ. ಆದರೆ ನೀನು ಹೋಗಬೇಡ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ನೀನು ಕಲಿಯೋಕೆ ಬಂದವನು, ಕಾರ್ಮಿಕನಲ್ಲ. ನಿನಗೆ ಕಲಿಸೋದು ಕಂಪನಿಯ ಹೊಣೆ. ಕೊನೇಲಿ ಟ್ರೇಡ್ ಟೆಸ್ಟ್ ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಸರ್ಟಿಫಿಕೇಟ್ ಸಿಗುತ್ತೆ. ಅರ್ಧಕ್ಕೆ ಬಿಟ್ಟವನಿಗೆ ಕೈ ಎಷ್ಟೇ ಪಳಗಿರಲಿ, ಕಾಗದದ ಮೇಲೆ ಬರೀ ಹೆಲ್ಪರ್.

ಕಾಗದ ಅಂದಮೇಲೆ ಇದೊಂದು ಇವತ್ತೇ ಮಾಡಿಬಿಡು. ಎಸ್ಸೆಸ್ಸೆಲ್ಸಿ ಕಾರ್ಡು, ಆಧಾರ್, ಅಪ್ರೆಂಟಿಸ್ ಒಪ್ಪಂದ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡು. ಹೆಸರು, ಇನಿಷಿಯಲ್ಲು, ಹುಟ್ಟಿದ ತಾರೀಕು ಒಂದಕ್ಷರ ಹೆಚ್ಚುಕಮ್ಮಿ ಇದ್ದರೂ ಈಗಲೇ ಸರಿ ಮಾಡಿಸು, ಟೆಸ್ಟಿನ ಹಾಲ್‌ಟಿಕೆಟ್ ಬರೋ ಹೊತ್ತಿಗೆ ಯಾರ ಮೇಜಿಗೂ ಅಲೆಯೋ ಹಾಗಾಗೋದು ಬೇಡ.