ರಾತ್ರಿಗೊಂದು ತುಂಡು ಕಥೆ

ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ 2015ರಲ್ಲಿ ತಂದ ‘ದಿ ವಿಚರ್ 3: ವೈಲ್ಡ್ ಹಂಟ್’ ಸಣ್ಣ ಗೇಮ್ ಅಲ್ಲ. ಮುಖ್ಯ ಕಥೆಯೊಂದನ್ನೇ ಹಿಡಿದು ಹೋದರೂ ಸುಮಾರು 50 ಗಂಟೆ ಬೇಕು; ಉಪಕಥೆಗಳೂ ಸೇರಿದರೆ ನೂರು ದಾಟುತ್ತದೆ. ಆಫೀಸು, ಅಡುಗೆ, ಮಗಳ ಹೋಂವರ್ಕು ಎಲ್ಲ ಮುಗಿದ ಮೇಲೆ ನನಗೆ ಒಂದು ಗಂಟೆ ಸಿಕ್ಕರೆ ಅದೇ ಹೆಚ್ಚು. ಆದರೂ ಇದನ್ನು ಸಮಾಧಾನವಾಗಿ ಸವಿದು ಮುಗಿಸಿದೆ. ಗಡಿಯಾರದ ಲೆಕ್ಕ ಬಿಟ್ಟು ಕ್ವೆಸ್ಟಿನ, ಅಂದರೆ ಗೇಮ್ ಒಪ್ಪಿಸುವ ಒಂದೊಂದು ಕೆಲಸದ, ಲೆಕ್ಕದಲ್ಲಿ ಆಡಿದ್ದರಿಂದ ಇದು ಸಾಧ್ಯವಾಯಿತು.

ಆರಂಭದಲ್ಲಿ ಬರುವ, ಗ್ರಿಫಿನ್ ಎಂಬ ದೈತ್ಯ ಪ್ರಾಣಿಯ ಬೇಟೆಯನ್ನೇ ನೋಡಿ. ವೈಟ್ ಆರ್ಚರ್ಡ್ ಎಂಬ ಊರಿನಲ್ಲಿ ನಾಯಕ ಗೆರಾಲ್ಟ್ ಮೊದಲು ಬೇಟೆಗಾರನೊಬ್ಬನ ಜೊತೆ ಕಾಡಿನಲ್ಲಿ ಜಾಡು ಹುಡುಕಬೇಕು. ನಾಟಿವೈದ್ಯೆ ತೊಮೀರಾ ಹೇಳಿದಂತೆ ಹೊಳೆಯ ತಳಕ್ಕಿಳಿದು ನಾರುವ ಮೂಲಿಕೆ ಕಿತ್ತು ತರಬೇಕು. ಆ ವಾಸನೆಯಿಂದ ಗ್ರಿಫಿನ್ನನ್ನು ಸೆಳೆದು ಕಾದಬೇಕು. ಜಾಡಿಗೊಂದು ರಾತ್ರಿ, ಮೂಲಿಕೆಗೊಂದು, ಕಾಳಗಕ್ಕೊಂದು ಎಂದು ಹಂಚಿಕೊಂಡೆ. ಸೈನಿಕರು ಅದರ ಜೊತೆಗಾತಿಯನ್ನು ಗೂಡಿನಲ್ಲೇ ಕೊಂದಿದ್ದರೆಂದು ತಿಳಿದ ರಾತ್ರಿ ಅಲ್ಲಿಗೇ ನಿಲ್ಲಿಸಿದೆ. ಆ ಪ್ರಾಣಿಯ ಸಿಟ್ಟಿಗೂ ಕಾರಣವಿದೆಯಲ್ಲ ಎಂಬ ಯೋಚನೆ ಮರುದಿನ ಬಸ್ಸಿನಲ್ಲೂ ಬಿಡಲಿಲ್ಲ. ವಾರಪತ್ರಿಕೆಯ ಧಾರಾವಾಹಿ ಓದಿ ಬೆಳೆದವರಿಗೆ ಈ ಕಾಯುವಿಕೆಯ ರುಚಿ ಗೊತ್ತು. ಒಂದೇ ಸಮನೆ ಆಡಿದ್ದರೆ ಕಥೆ ಇಷ್ಟು ಆಳಕ್ಕೆ ಇಳಿಯುತ್ತಿರಲಿಲ್ಲ.

ಇನ್ನು ಕೆಲವು ರೂಢಿಗಳು. ಕಾದಾಟದ ನಡುವೆ ಸೇವ್ ಮಾಡಲು ಬಿಡುವುದಿಲ್ಲ. ಆದ್ದರಿಂದ ಹೊತ್ತು ಕಡಿಮೆ ಇದ್ದರೆ ಕತ್ತಿ ಹಿರಿಯುವುದೇ ಬೇಡ. ಮುಚ್ಚುವ ಮೊದಲು ನಾಳೆಯ ಕ್ವೆಸ್ಟ್ ಆರಿಸಿಡಿ. ಮತ್ತೆ ತೆರೆದಾಗ ‘ಎಲ್ಲಿದ್ದೆ, ಏನು ಮಾಡಬೇಕಿತ್ತು’ ಎಂಬ ತಡಕಾಟವಿರದು. ಕಥೆ ಎಲ್ಲಿಗೆ ಬಂದಿತ್ತೆಂದು ಲೋಡಿಂಗ್ ಹೊತ್ತಿನಲ್ಲಿ ಗೇಮೇ ನೆನಪಿಸುತ್ತದೆ. ಮಗು ಎದ್ದು ಅತ್ತರೆ ಪಾಜ್ ಮಾಡಿ ಹೋಗಬಹುದು.

ವೆಲೆನ್ ಎಂಬ ಪ್ರಾಂತ್ಯದಲ್ಲಿ ಬರುವ ಬ್ಲಡಿ ಬ್ಯಾರನ್ ಕಥೆಯಂಥವನ್ನು ಮಾತ್ರ ಶನಿವಾರಕ್ಕೆ ಉಳಿಸಿ. ಹೆಂಡತಿ, ಮಗಳು ಇಬ್ಬರನ್ನೂ ಕಳೆದುಕೊಂಡ ಕುಡುಕನೊಬ್ಬನ ಕಥೆ ಅದು. ಅಲ್ಲಿ ನೀವು ಮಾಡುವ ಆಯ್ಕೆಯ ಫಲ ಎಷ್ಟೋ ಹೊತ್ತಿನ ನಂತರ, ಬೇರೆಯವರ ಬದುಕಿನಲ್ಲಿ ಕಾಣುತ್ತದೆ. ತೂಕಡಿಸುತ್ತಾ ತೀರ್ಮಾನಿಸುವ ವಿಷಯವಲ್ಲ.

ಬಿಡುವುದನ್ನೂ ಕಲಿಯಬೇಕು. ಸ್ಕೆಲಿಗೆ ದ್ವೀಪಗಳ ಸುತ್ತ ಮ್ಯಾಪಿನ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಬಹುಪಾಲು ಕಳ್ಳಸಾಗಣೆಯ ಪೆಟ್ಟಿಗೆಗಳೇ. ಅವನ್ನೆಲ್ಲ ತೆರೆಯದಿದ್ದರೂ ಕಥೆಗೆ ಏನೂ ಕೊರತೆಯಿಲ್ಲ. ಕಾಳಗ ಕಷ್ಟವೆನಿಸಿದರೆ ಮಟ್ಟ ಇಳಿಸಿಕೊಳ್ಳಿ, ಸಂಕೋಚ ಬೇಡ.

ಮುಖ್ಯ ಕಥೆ ಮುಗಿದ ಮೇಲೆ ‘ಹಾರ್ಟ್ಸ್ ಆಫ್ ಸ್ಟೋನ್’ ಎಂಬ ವಿಸ್ತರಣೆ ಇದೆ, ಸುಮಾರು 10 ಗಂಟೆಯದು. ಅದರ ಎರಡರಷ್ಟು ಉದ್ದದ ಇನ್ನೊಂದು ವಿಸ್ತರಣೆ ‘ಬ್ಲಡ್ ಆ್ಯಂಡ್ ವೈನ್’ ಮುಂದಿನ ವರ್ಷಕ್ಕಿರಲಿ. ರಜೆ ಸಿಕ್ಕಾಗ ಆಡೋಣವೆಂದು ಈ ಗೇಮನ್ನು ಮುಟ್ಟದೆ ಕೂತವರು ನನ್ನ ಗೆಳೆಯರಲ್ಲೇ ಹಲವರಿದ್ದಾರೆ. ಅವರಿಗೆ ನಾನು ಹೇಳುವುದಿಷ್ಟೇ: ಇವತ್ತೇ ಶುರು ಮಾಡಿ, ಒಂದೇ ಒಂದು ಕ್ವೆಸ್ಟ್ ಆಡಿ ಮಲಗಿ.