ನಿಂತುಹೋಗುವ ಚಿತ್ರ
ಮನೆಯ ಅಂತರ್ಜಾಲ ದೂರದರ್ಶನದಲ್ಲಿ ದೋಷವನ್ನು ಹುಡುಕುವ ಬಗೆ

ಸಂಜೆ ಏಳು ಗಂಟೆಯ ಸಮಯ. ದೂರದ ಊರಿನಲ್ಲಿ ನಡೆಯುತ್ತಿರುವ ಸಂಗೀತ ಕಚೇರಿಯು ಅಂತರ್ಜಾಲದ ಮೂಲಕ ಮನೆಯ ದೂರದರ್ಶನ ಯಂತ್ರಕ್ಕೆ ಬರುತ್ತಿದೆ. ಗಾಯಕರು ತಾನವನ್ನು ಮುಗಿಸಿ ಪಲ್ಲವಿಯನ್ನು ಎತ್ತಿಕೊಳ್ಳುವಷ್ಟರಲ್ಲಿ, ತೆರೆದ ಬಾಯಿ ತೆರೆದಂತೆಯೇ ನಿಂತುಬಿಡುತ್ತದೆ. ತೆರೆಯ ನಡುವೆ ಸಣ್ಣದೊಂದು ಚಕ್ರವು ತಿರುಗತೊಡಗುತ್ತದೆ. ಈ ಚಕ್ರದ ಪರಿಚಯವಿಲ್ಲದ ವಾಚಕರು ಈಗ ವಿರಳವೆಂದೇ ಹೇಳಬೇಕು.

ಇಂತಹ ಸಮಯದಲ್ಲಿ ಮನೆಯಲ್ಲಿ ನಡೆಯುವ ವಿಚಾರಣೆಯೂ ಎಲ್ಲರಿಗೂ ಪರಿಚಿತವಾದುದೇ. ಅಂತರ್ಜಾಲ ಒದಗಿಸುವ ಕಂಪನಿಯದೇ ತಪ್ಪೆಂದು ಒಬ್ಬರು ಹೇಳುವರು. ಯಂತ್ರವು ಹಳೆಯದಾಯಿತೆಂದು ಮತ್ತೊಬ್ಬರು ಹೇಳುವರು. ನಮ್ಮ ಮನೆಯಲ್ಲಿ ಈ ಅಪವಾದವು ಅಜ್ಜಿಯವರ ಮೇಲೆ ಬಂದಿತು. ಮಂಡಿನೋವಿನಿಂದ ಸಭಾಂಗಣಗಳಿಗೆ ಹೋಗಲಾರದ ಅವರಿಗೆ ಸಂಜೆಯ ಕಚೇರಿಯೊಂದೇ ಹೊರಗಿನ ಲೋಕ. "ಅಜ್ಜಿ ಯಾವುದೋ ಗುಂಡಿ ಒತ್ತಿರಬೇಕು" ಎಂದು ನಾವೆಲ್ಲರೂ ನಿರ್ಧರಿಸಿದೆವು. ಕೆಲವು ದಿನಗಳ ಮೇಲೆ ಅವರು, "ನನಗಾಗಿ ಇದನ್ನು ಹಾಕಬೇಡಿರಪ್ಪಾ" ಎಂದು ಒಳಗೆ ಹೋಗಿ ಮಲಗಲಾರಂಭಿಸಿದರು. ಭೌತಶಾಸ್ತ್ರವನ್ನು ಪಾಠ ಹೇಳುವ ನಮಗೆ, ಅಳೆಯದೆ ತೀರ್ಪು ಕೊಟ್ಟೆವಲ್ಲಾ ಎಂಬ ನಾಚಿಕೆ ಆಗ ಉಂಟಾಯಿತು. ಆ ನಾಚಿಕೆಯಿಂದ ಹುಟ್ಟಿದ ಶೋಧನೆಯ ಕ್ರಮವೇ ಈ ಲೇಖನದ ವಿಷಯ.

ಚಿತ್ರವು ಬರುವ ದಾರಿ

1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಭಾರತದ ದೂರದರ್ಶನ ಪ್ರಸಾರವು ಆರಂಭವಾಯಿತು. ಅಂದಿನ ವಿಧಾನದಲ್ಲಿ ಒಂದು ಗೋಪುರದಿಂದ ಹೊರಟ ಅಲೆಗಳು ಸುತ್ತಲೂ ಹರಡುತ್ತಿದ್ದವು. ನೋಡುವವರು ನೂರು ಜನರಾದರೂ ಲಕ್ಷ ಜನರಾದರೂ ಗೋಪುರದ ಕೆಲಸವು ಹೆಚ್ಚುತ್ತಿರಲಿಲ್ಲ. ಅಂತರ್ಜಾಲದ ದೂರದರ್ಶನವು ಸಾಮಾನ್ಯವಾಗಿ ಹಾಗಲ್ಲ. ಇಲ್ಲಿ ಪ್ರತಿಯೊಂದು ಮನೆಗೂ ಪ್ರತ್ಯೇಕವಾದ ಪ್ರವಾಹವೊಂದು ಹರಿಯಬೇಕು. ಊರಿನವರೆಲ್ಲ ಸಂಜೆಯ ಹೊತ್ತಿನಲ್ಲೇ ನೋಡಲು ಕುಳಿತರೆ ದಾರಿಯಲ್ಲಿ ಇಕ್ಕಟ್ಟಾಗುವುದು ಸಹಜ.

ಹರಿಯಬೇಕಾದುದಾದರೂ ಎಷ್ಟು? ಒಂದು ಉತ್ತಮ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿವೆ ಎನ್ನೋಣ. ಪ್ರತಿ ಬಿಂದುವಿನ ಬಣ್ಣವನ್ನು ಹೇಳಲು 24 ಬಿಟ್‌ಗಳು ಬೇಕು; ಸೆಕೆಂಡಿಗೆ 25 ಚಿತ್ರಗಳು ಬೇಕು. ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್‌ಗಳಾಗುತ್ತವೆ! ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ಇರುವ ವ್ಯತ್ಯಾಸ ಬಹಳ ಸ್ವಲ್ಪ. ಆದುದರಿಂದ ಬದಲಾದ ಭಾಗವನ್ನು ಮಾತ್ರ ಕಳುಹಿಸುವ ಜಾಣ್ಮೆಯಿಂದಲೂ, ಕಣ್ಣಿಗೆ ಅಷ್ಟಾಗಿ ಗೋಚರಿಸದ ವಿವರಗಳನ್ನು ಬಿಡುವುದರಿಂದಲೂ, ಇದನ್ನು ಸುಮಾರು 50 ಲಕ್ಷಕ್ಕೆ, ಎಂದರೆ 5 ಮೆಗಾಬಿಟ್‌ಗೆ ಇಳಿಸುತ್ತಾರೆ. 4ಕೆ ಎಂಬ ಇನ್ನೂ ಸೂಕ್ಷ್ಮವಾದ ಚಿತ್ರಕ್ಕೆ 15ರಿಂದ 25 ಮೆಗಾಬಿಟ್ ಬೇಕಾಗುತ್ತದೆ.

ಈ ಬಿಟ್‌ಗಳು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಂಪನಿಯ ಕಣಜದಿಂದ ಹೊರಟು, ಗಾಜಿನ ಎಳೆಯಲ್ಲಿ ಬೆಳಕಾಗಿ ನಮ್ಮ ಮನೆಯ ಬಾಗಿಲಿಗೆ ಬರುತ್ತವೆ. ಅಲ್ಲಿಂದ ರೂಟರ್ ಎಂಬ ಪೆಟ್ಟಿಗೆಯು ಅವನ್ನು ವೈ-ಫೈ ಅಲೆಗಳನ್ನಾಗಿ ಮಾಡಿ ದೂರದರ್ಶನ ಯಂತ್ರಕ್ಕೆ ಮುಟ್ಟಿಸುತ್ತದೆ. ಕಣಜ, ಗಾಜಿನ ಎಳೆ, ರೂಟರ್, ಅಲೆ, ಯಂತ್ರ: ಹೀಗೆ ಐದು ಕೊಂಡಿಗಳ ಸರಪಳಿ ಇದು. ಸರಪಳಿಯು ತುಂಡಾಗುವುದು ಅದರ ದುರ್ಬಲವಾದ ಕೊಂಡಿಯಲ್ಲಿಯೇ. ಆ ಕೊಂಡಿಯಾವುದೆಂದು ತಿಳಿಯದೆ ಬೇರೊಂದನ್ನು ಬಲಪಡಿಸಿದರೆ ಹಣವು ವ್ಯರ್ಥವಾದೀತೇ ಹೊರತು ಚಿತ್ರವು ಓಡಲಾರದು.

ತೊಟ್ಟಿಯ ದೃಷ್ಟಾಂತ

ನಮ್ಮ ಮನೆಗಳ ಮಾಳಿಗೆಯ ಮೇಲೆ ನೀರಿನ ತೊಟ್ಟಿಯಿರುತ್ತದಷ್ಟೆ. ಬೀದಿಯ ನೀರು ಸ್ವಲ್ಪ ಹೊತ್ತು ನಿಂತರೂ ನಲ್ಲಿಯಲ್ಲಿ ನೀರು ಬರುತ್ತಿರುತ್ತದೆ. ದೂರದರ್ಶನ ಯಂತ್ರವೂ ಇದೇ ರೀತಿ ಮುಂದೆ ತೋರಿಸಬೇಕಾದ ಚಿತ್ರಗಳನ್ನು ಬಫರ್ ಎಂಬ ತೊಟ್ಟಿಯಲ್ಲಿ ತುಂಬಿಟ್ಟುಕೊಂಡಿರುತ್ತದೆ. ಅದರಲ್ಲಿ 30 ಸೆಕೆಂಡುಗಳ ಸಂಗ್ರಹವಿದೆ, ಎಂದರೆ 150 ಮೆಗಾಬಿಟ್ ಇದೆ ಎಂದು ಭಾವಿಸೋಣ. ಖರ್ಚು ಸೆಕೆಂಡಿಗೆ 5. ಬರುವುದು 4 ಮಾತ್ರ. ಕೊರತೆಯು ಸೆಕೆಂಡಿಗೆ 1 ಆದುದರಿಂದ 150 ಸೆಕೆಂಡುಗಳಲ್ಲಿ ತೊಟ್ಟಿಯು ಬರಿದಾಗಿ ಚಕ್ರವು ತಿರುಗತೊಡಗುತ್ತದೆ. "ಮೊದಲು ಎರಡು ನಿಮಿಷ ಚೆನ್ನಾಗಿಯೇ ಬಂತು, ಆಮೇಲೆ ನಿಂತಿತು" ಎಂಬ ದೂರಿನ ಗುಟ್ಟು ಇದೇ.

ಅನೇಕ ಸೇವೆಗಳು ಕೊರತೆಯನ್ನು ಕಂಡೊಡನೆ ಚಿತ್ರದ ವಿವರವನ್ನು ತಗ್ಗಿಸಿ ಹರಿವನ್ನು ಉಳಿಸಿಕೊಳ್ಳುತ್ತವೆ. ಮುಖಗಳು ಮಸುಕಾದರೆ ದಾರಿಯು ಕಿರಿದಾಗಿದೆಯೆಂದು ಅರ್ಥ. ಇನ್ನು ನೇರ ಪ್ರಸಾರದಲ್ಲಿ, ನಡೆಯದಿರುವುದನ್ನು ಮುಂಚಿತವಾಗಿ ತುಂಬಿಡುವುದು ಸಾಧ್ಯವಿಲ್ಲ. ಅಲ್ಲಿ ತೊಟ್ಟಿಯು ತೀರ ಸಣ್ಣದು. ಆದ್ದರಿಂದಲೇ ಸಿನಿಮಾ ಸುಗಮವಾಗಿ ಓಡುವ ಮನೆಯಲ್ಲಿ ಕ್ರಿಕೆಟ್ ಪಂದ್ಯವು ನಿಂತು ನಿಂತು ಬರುವುದುಂಟು.

ಮೂರು ಅಳತೆಗಳು

ಈಗ ಶೋಧನೆಗೆ ತೊಡಗೋಣ. ವೇಗವನ್ನು ಅಳೆಯುವ ಉಚಿತ ಸಾಧನಗಳು ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ದೊರೆಯುತ್ತವೆ. 8 ಬಿಟ್‌ಗಳು ಸೇರಿ ಒಂದು ಬೈಟ್ ಆಗುವುದೆಂಬುದನ್ನು ಮಾತ್ರ ಮರೆಯಬಾರದು. 100 ಮೆಗಾಬಿಟ್ ಸಂಪರ್ಕದಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂದರೆ ಅದು ಮೋಸವಲ್ಲ, ಲೆಕ್ಕ.

ಅಳತೆಯನ್ನು ಮೂರು ಕಡೆ ಮಾಡತಕ್ಕದ್ದು. ಮೊದಲನೆಯದು, ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ. ಎರಡನೆಯದು, ರೂಟರಿನಿಂದ ಎರಡು ಮೀಟರ್ ದೂರದಲ್ಲಿ, ವೈ-ಫೈ ಮೂಲಕ. ಮೂರನೆಯದು, ದೂರದರ್ಶನ ಯಂತ್ರದ ಪಕ್ಕದಲ್ಲಿ ಫೋನನ್ನಿಟ್ಟು. ಇವನ್ನು ಬೆಳಿಗ್ಗೆ ಒಮ್ಮೆ, ತೊಂದರೆ ಕಾಣುವ ಸಂಜೆ ಒಮ್ಮೆ ಮಾಡಬೇಕು. ಪ್ರತಿಸಲವೂ ಮನೆಯ ಇತರ ಫೋನುಗಳ ಡೌನ್‌ಲೋಡ್‌ಗಳನ್ನು ನಿಲ್ಲಿಸಿರಬೇಕು.

ತಂತಿಯಲ್ಲಿಯೇ ವೇಗವು ಕಡಿಮೆಯಿದ್ದರೆ, ದೋಷವು ಮನೆಯ ಹೊರಗೆ ಅಥವಾ ರೂಟರಿನಲ್ಲಿದೆ. ಸಂಜೆ ಮಾತ್ರ ಕಡಿಮೆಯಾಗುತ್ತಿದ್ದರೆ ಅದು ದಾರಿಯ ಇಕ್ಕಟ್ಟು. ಆಗ ದಿನಾಂಕ, ವೇಳೆಗಳೊಡನೆ ಬರೆದಿಟ್ಟ ಅಂಕಿಗಳನ್ನು ಕಂಪನಿಯ ಮುಂದಿಡಬಹುದು. ತಂತಿಯಲ್ಲಿ ಸರಿಯಾಗಿದ್ದು ಯಂತ್ರದ ಬಳಿ ಕುಸಿದರೆ ದೋಷವು ಅಲೆಯ ದಾರಿಯಲ್ಲಿದೆ. ಮೂರೂ ಸರಿಯಾಗಿದ್ದು ಚಿತ್ರವು ನಿಲ್ಲುತ್ತಿದ್ದರೆ ಯಂತ್ರವನ್ನಾಗಲಿ ಕಣಜವನ್ನಾಗಲಿ ಸಂಶಯಿಸಬೇಕು. ಒಂದೇ ಸೇವೆಯು ಎಲ್ಲ ಉಪಕರಣಗಳಲ್ಲಿಯೂ ಕೈಕೊಟ್ಟರೆ ದೋಷವು ಆ ಸೇವೆಯದು, ಕಾಯುವುದೊಂದೇ ಉಪಾಯ.

ಗೋಡೆ ಮತ್ತು ಅಲೆ

1895ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲ್ಕತ್ತೆಯ ಟೌನ್ ಹಾಲಿನಲ್ಲಿ ವಿದ್ಯುತ್ಕಾಂತ ಅಲೆಗಳನ್ನು ಗೋಡೆಗಳ ಮೂಲಕ ಹಾಯಿಸಿ, ಆಚೆಯಿದ್ದ ಗಂಟೆಯನ್ನು ಬಾರಿಸಿ ತೋರಿಸಿದ್ದರು. ವೈ-ಫೈ ಅಲೆಗಳೂ ಅದೇ ಕುಲಕ್ಕೆ ಸೇರಿದವು. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು ಹನ್ನೆರಡೂವರೆ ಸೆಂಟಿಮೀಟರು. 5 ಗಿಗಾಹರ್ಟ್ಸಿನದು ಸುಮಾರು ಆರು. ಬಯಲಿನಲ್ಲಿ ದೂರವು ನಾಲ್ಕು ಪಟ್ಟಾದರೆ ಅಲೆಯ ಶಕ್ತಿಯು ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಮನೆಯೊಳಗೆ ಇದರ ಜೊತೆಗೆ ಗೋಡೆಗಳೂ ಸುಂಕವನ್ನು ವಸೂಲು ಮಾಡುತ್ತವೆ. ಮರದ ಬಾಗಿಲು ಉದಾರಿ. ಇಟ್ಟಿಗೆಯ ಗೋಡೆ ಸ್ವಲ್ಪ ಬಿಗಿ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟೂ ದಪ್ಪನೆಯ ಕಲ್ಲಿನ ಗೋಡೆಯೂ ಬಹಳ ಬಿಗಿ. ನೀರು ಅಲೆಯನ್ನು ಹೀರುತ್ತದೆ. ಲೋಹದ ಹಲಗೆಯಂತೂ ಕನ್ನಡಿಯಂತೆ ಹಿಂದಕ್ಕೆ ಅಟ್ಟುತ್ತದೆ.

5 ಗಿಗಾಹರ್ಟ್ಸ್ ಅಲೆಯು ಗೋಡೆಗಳಿಗೆ ಬೇಗ ಸೋಲುತ್ತದೆಯಾದರೂ ಅದರ ದಾರಿಯಲ್ಲಿ ಜನಸಂದಣಿ ಕಡಿಮೆ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಓಣಿಗಳು ಸಾಮಾನ್ಯವಾಗಿ 1, 6, 11 ಎಂಬ ಮೂರೇ. ವಠಾರದ ಹತ್ತು ಮನೆಗಳ ರೂಟರುಗಳು ಈ ಮೂರರಲ್ಲಿಯೇ ನುಸುಳಬೇಕು. ಅಡಿಗೆಮನೆಯ ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸಿನಲ್ಲಿಯೇ ಕೆಲಸ ಮಾಡುತ್ತದೆ. ರೂಟರಿನ ಅಲೆಯ ಶಕ್ತಿಯು ಒಂದು ವಾಟಿನ ಹತ್ತನೆಯ ಒಂದು ಪಾಲಿನ ಸುಮಾರು. ಒಲೆಯದು ನೂರಾರು ವಾಟು. ಒಲೆಯಿಂದ ಹೊರಗೆ ಸೋರುವ ಅಲ್ಪಾಂಶವು ನಮಗೆ ನಿರುಪದ್ರವಿಯಾದರೂ ವೈ-ಫೈಯನ್ನು ಕದಡಲು ಸಾಕು. ಸಾರು ಬಿಸಿಮಾಡುವ ಹೊತ್ತಿಗೇ ಚಿತ್ರವು ನಿಲ್ಲುತ್ತಿದ್ದರೆ ಕಾರಣವನ್ನು ಬೇರೆಡೆ ಹುಡುಕಬೇಕಾಗಿಲ್ಲ.

ಉಳಿದ ಕೊಂಡಿಗಳು

ಗಾಜಿನ ಎಳೆಯಲ್ಲಿ ಬೆಳಕು ಪೂರ್ಣ ಆಂತರಿಕ ಪ್ರತಿಫಲನದಿಂದ ಸಾಗುತ್ತದೆ. ಎಳೆಯನ್ನು ಮೊಳೆಗೆ ಸುತ್ತಿ ಚೂಪಾಗಿ ಬಗ್ಗಿಸಿದರೆ ಆ ತಿರುವಿನಲ್ಲಿ ಬೆಳಕು ಸೋರಿಹೋಗುತ್ತದೆ. ಎಳೆಯು ಬಂದು ಸೇರುವ ಪೆಟ್ಟಿಗೆಯಲ್ಲಿ ಕೆಂಪು ದೀಪ ಹತ್ತಿದರೆ ಅನೇಕ ವೇಳೆ ಬೆಳಕು ತಲಪುತ್ತಿಲ್ಲವೆಂಬ ಸೂಚನೆ. ಆಗ ಕಂಪನಿಯ ಕೆಲಸಗಾರರನ್ನೇ ಕರೆಯಬೇಕು. ಎಳೆಯ ತುದಿಯನ್ನು ಬಿಚ್ಚಿ ಕಣ್ಣಿನಿಂದ ನೋಡಬಾರದು; ಅದರ ಬೆಳಕು ಅಗೋಚರ, ಕಣ್ಣಿಗೆ ಹಾನಿಕರವಾಗಬಹುದು.

ಯಂತ್ರದ ದೋಷಗಳು ಸರಳವಾದವು. ಅದನ್ನು ಗೋಡೆಯ ಸ್ವಿಚ್ಚಿನಲ್ಲಿಯೇ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ ನೋಡಬೇಕು. ಒಳಗಿನ ಸ್ಥಳವು ತುಂಬಿದ್ದರೆ ಬೇಡವಾದ ಆ್ಯಪ್‌ಗಳನ್ನು ತೆಗೆಯಬೇಕು. ವಿದ್ಯುತ್ತು ಹೋಗಿ ಬಂದ ಮೇಲೆ ಯಂತ್ರದ ಗಡಿಯಾರ ತಪ್ಪಿದ್ದರೆ, ಸುರಕ್ಷಿತ ಸಂಪರ್ಕಗಳ ಅವಧಿಯನ್ನು ಪರೀಕ್ಷಿಸಲಾರದೆ ಅದು ಯಾವ ಸೇವೆಯನ್ನೂ ತೆರೆಯದಿರಬಹುದು. ದಿನಾಂಕವನ್ನು ತಿದ್ದಿದರೆ ಸಾಕು.

ನಮ್ಮ ಮನೆಯ ಫಲಿತಾಂಶ

ನಮ್ಮದು 100 ಮೆಗಾಬಿಟ್ ಸಂಪರ್ಕ. ಸಂಜೆ ಏಳಕ್ಕೆ ತಂತಿಯಲ್ಲಿ 94, ರೂಟರಿನ ಬಳಿ 61, ದೂರದರ್ಶನ ಯಂತ್ರದ ಬಳಿ 3! ಹೆಚ್ಚು ಬೆಲೆಯ 300 ಮೆಗಾಬಿಟ್ ಸಂಪರ್ಕಕ್ಕೆ ಬರೆಯಲು ನಾವು ಸಿದ್ಧರಾಗಿದ್ದೆವು. ಆ ಹಣವೆಲ್ಲವೂ ಸರಪಳಿಯ ಗಟ್ಟಿಯಾದ ಕೊಂಡಿಗೆ ಸುರಿದಂತಾಗುತ್ತಿತ್ತು.

ಬಳಿಕ ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತ ಹೋದೆವು. ಒಲೆಯನ್ನು ನಿಲ್ಲಿಸಿದೆವು: 3. ಓಣಿಯನ್ನು 6ರಿಂದ 11ಕ್ಕೆ ಬದಲಿಸಿದೆವು: 5. ಆಗ, ಹಬ್ಬದ ಸುಣ್ಣಬಣ್ಣದ ಸಮಯದಲ್ಲಿ ರೂಟರನ್ನು ಕಬ್ಬಿಣದ ಬೀರುವಿನ ಹಿಂದಕ್ಕೆ ಸರಿಸಿದುದು ನೆನಪಿಗೆ ಬಂದಿತು. ಹಾಗೆ ಸರಿಸಿದವರು ನಾವೇ. ಅದನ್ನು ತೆಗೆದು ನಡುಮನೆಯ ತೆರೆದ ಗೂಡಿನಲ್ಲಿ, ಆಳೆತ್ತರದಲ್ಲಿಟ್ಟೆವು: 38. ಎಲ್ಲವನ್ನೂ ಒಟ್ಟಿಗೆ ಬದಲಿಸಿದ್ದರೆ ಚಿತ್ರವೇನೋ ಓಡುತ್ತಿತ್ತು. ಆದರೆ ಕಾರಣವು ತಿಳಿಯುತ್ತಿರಲಿಲ್ಲ, ಮುಂದಿನ ಹಬ್ಬಕ್ಕೆ ರೂಟರು ಪುನಃ ಬೀರುವಿನ ಹಿಂದೆ ಸೇರುತ್ತಿತ್ತು.

ಅಂದು ಸಂಜೆ ಅಜ್ಜಿಯವರನ್ನು ಕರೆದು ಕೂರಿಸಿ, ತಪ್ಪು ಅವರದಲ್ಲವೆಂದೂ ನಮ್ಮದೆಂದೂ ಹೇಳಿದೆವು. ಅವರು ಅಂಕಿಗಳನ್ನು ಬರೆದಿಟ್ಟ ಚೀಟಿಯನ್ನು ನೋಡಿ, "ಇಷ್ಟಕ್ಕೆ ಎಮ್ಮೆ ಓದಬೇಕಾಗಿತ್ತೇ?" ಎಂದು ನಕ್ಕರು. ಎಂ.ಎಸ್ಸಿ. ಪದವಿಗೆ ಅವರಿಟ್ಟಿರುವ ಹೆಸರು ಅದು. ಕಚೇರಿಯು ಮಂಗಳದವರೆಗೂ ನಿಲ್ಲದೆ ನಡೆಯಿತು.

ಮಾಪನವು ಪ್ರಯೋಗಶಾಲೆಯ ಸೊತ್ತು ಮಾತ್ರವೇ ಅಲ್ಲ. ಮನೆಯಲ್ಲಿ ಒಬ್ಬರ ಮೇಲೆ ತಪ್ಪು ಹೊರಿಸುವುದಕ್ಕೆ ಮುಂಚೆ ಅಳೆದು ನೋಡುವ ಅಭ್ಯಾಸವು ನಮ್ಮಲ್ಲಿ ಬಂದರೆ ವಿಜ್ಞಾನವನ್ನು ಓದಿದುದಕ್ಕೆ ಸಾರ್ಥಕವಾಯಿತೆಂದು ತಿಳಿಯಬಹುದು. ವಾಚಕರು ಇಂದು ಸಂಜೆಯೇ ಮೂರು ಅಳತೆಗಳನ್ನು ಮಾಡಿ ಬರೆದಿಡಲಿ. ಚಕ್ರವು ಮುಂದೆಂದಾದರೂ ತಿರುಗಿದಾಗ ಆ ಚೀಟಿಯು ಉಪಯೋಗಕ್ಕೆ ಬಂದೀತು.