ಮೀನಿನ ತೂಕವನ್ನು ನಂಬುವುದು ಹೇಗೆ?

1932ರಲ್ಲಿ ಅಮೆರಿಕದ ಜಾರ್ಜಿಯಾ ಪ್ರಾಂತದಲ್ಲಿ ಜಾರ್ಜ್ ಪೆರಿ ಎಂಬವರ ಗಾಳಕ್ಕೆ ಸಿಕ್ಕಿದ ಬ್ಯಾಸ್ ಮೀನು 22 ಪೌಂಡು 4 ಔನ್ಸು ತೂಗಿತು. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಅವರು ಹಿಡಿದ ಮೀನು ಅದಕ್ಕಿಂತ ಸುಮಾರು ಒಂದು ಔನ್ಸು ಹೆಚ್ಚಾಗಿತ್ತು. ಆದರೂ ಹಳೆಯ ದಾಖಲೆ ಮುರಿಯಲಿಲ್ಲ; ಇಬ್ಬರೂ ಸಮಾನರೆನಿಸಿದರು. ಇಂತಹ ಮೀನು ಹಿಂದಿನ ದಾಖಲೆಯನ್ನು 2 ಔನ್ಸುಗಳಷ್ಟಾದರೂ ಮೀರಬೇಕೆಂಬುದು ನಿಯಮ.

ಒಂದು ಔನ್ಸೆಂದರೆ ಸುಮಾರು 28 ಗ್ರಾಂ. ತೂಗುವ ಚೀಲದಲ್ಲಿ ಉಳಿದ ನೀರೇ ಅಷ್ಟಿರಬಹುದಲ್ಲವೆ? ಆದುದರಿಂದ ಮೀನನ್ನು ಚೀಲದೊಡನೆ ತೂಗಿದ ಬಳಿಕ ಅದೇ ಒದ್ದೆ ಚೀಲವನ್ನು ಬರಿದಾಗಿ ತೂಗಿ ಕಳೆಯಬೇಕು. ಒಣಚೀಲದ ತೂಕವನ್ನು ಕಳೆದೆವಾದರೆ ನೀರೂ ಮೀನಾಗುತ್ತದೆ!

ಸ್ಪ್ರಿಂಗ್ ತ್ರಾಸಿನ ಮುಳ್ಳು ಸೊನ್ನೆಯಲ್ಲಿ ನಿಂತಮಾತ್ರಕ್ಕೆ ಅದನ್ನು ನಂಬುವಂತಿಲ್ಲ. ಸವೆದ ಸ್ಪ್ರಿಂಗು ಅದೇ ಭಾರಕ್ಕೆ ಹೆಚ್ಚು ಹಿಗ್ಗೀತು. ಬಕೆಟಿಗೆ 4 ಲೀಟರು ನೀರನ್ನು ಅಳೆದು ಹಾಕಿ ತೂಗೋಣ. ಬಕೆಟಿನ ತೂಕವನ್ನು ಕಳೆದರೆ 4 ಕಿಲೋಗ್ರಾಮಿನಷ್ಟು ಉಳಿಯಬೇಕು. ಇದು ಸ್ಥೂಲ ಪರೀಕ್ಷೆ. ಔನ್ಸಿನ ಲೆಕ್ಕಕ್ಕೆ ಮುದ್ರೆಯೊತ್ತಿದ ತೂಕದ ಬಟ್ಟುಗಳೇ ಬೇಕು.

ಮೀನು ಒದ್ದಾಡಿದಾಗ ಮುಳ್ಳೂ ಹೊಯ್ದಾಡುತ್ತದೆ. ಆಗ ಮೇಲಿನ ಅಂಕೆಯನ್ನೇ ಓದಿಕೊಳ್ಳುವ ಆಸೆ ಯಾರಿಗಿಲ್ಲ? ಮುಳ್ಳು ನೆಲೆನಿಂತ ಮೇಲೆ ಓದತಕ್ಕುದು.

ತೂಕದೊಡನೆ ಉದ್ದ, ಸುತ್ತಳತೆಗಳನ್ನೂ ಬರೆದಿಡುವುದು ಲೇಸು. 2022ರಲ್ಲಿ ಈರೀ ಸರೋವರದ ಸ್ಪರ್ಧೆಯೊಂದರಲ್ಲಿ, ಬೇರೆ ಜಾತಿಯ ಕೆಲವು ಮೀನುಗಳು ಗಾತ್ರಕ್ಕೆ ಮೀರಿ ತೂಗಿದುದರಿಂದ ಸಂಶಯ ಹುಟ್ಟಿತು. ಹೊಟ್ಟೆ ಸೀಳಿದಾಗ ದೊರೆತುದು ಸೀಸದ ಗುಂಡುಗಳು. ತ್ರಾಸು ಮಾತ್ರ ಸರಿಯಾಗಿಯೇ ಇತ್ತು.